ಎಡೆಗೆ ನಾಲ್ಕು ಮಿರ್ಚಿ

"ಮೇಡಂ, ನಿಮ್ಮ ಕಾದಂಬರೀಲಿ ಆ ಹುಡುಗಿ ಎರಡನೇ ಅಧ್ಯಾಯದಿಂದ ಆರನೇ ಅಧ್ಯಾಯದ ತನಕ ಏನೂ ತಿಂದೇ ಇಲ್ಲ. ಹೆಂಗೆ ಬದುಕಿದ್ಲು?"

ಕೇಳಿದವಳು ಹತ್ತನೇ ಕ್ಲಾಸಿನ ರಕ್ಷಿತಾ. ಜಾಗ, ತಾಳ್ಯದ ಕಡೆಯ ಒಂದು ಹೈಸ್ಕೂಲು. ಹದಿಹರೆಯದವರಿಗೆಂದು ನಾನೊಂದು ಕಾದಂಬರಿ ಬರೆದಿದ್ದೇನಲ್ಲ (ಇದೇ ಅಂಕಣದಲ್ಲಿ ಅದರ ಸುದ್ದಿ ಹೇಳಿ ಹೇಳಿ ನಿಮ್ಮ ತಲೆ ತಿಂದಾಗಿದೆ), ತಾಯಿಯನ್ನು ಕಳೆದುಕೊಂಡ ಹದಿನೈದರ ಹುಡುಗಿಯ ಕತೆ, ಅದರ ಬಗ್ಗೆ ಮಕ್ಕಳ ಜೊತೆ ಮಾತಾಡಲು ಹೋಗಿದ್ದೆ.

ನನ್ನ ನಾಯಕಿ ಕಿಟಕಿ ಪಕ್ಕ ಕೂರುತ್ತಾಳೆ. ಮಳೆ ಬರುತ್ತದೆ. ಡೈರಿ ಬರೆಯುತ್ತಾಳೆ. ಮತ್ತೆ ಮಳೆ. (ಚಿತ್ರದುರ್ಗದಲ್ಲಿ ಕೂತು ಅಷ್ಟು ಮಳೆ ಎಲ್ಲಿಂದ ತಂದಿರಿ ಎಂದು ಓದುಗರೊಬ್ಬರು ಆಗಲೇ ಫೋನ್ ಮಾಡಿ ವಿಚಾರಿಸಿದ್ದರು.) ಊಟದ ವಿಷಯ ಮಾತ್ರ ನನಗೆ ಹೊಳೆದೇ ಇರಲಿಲ್ಲ.

"ದುಃಖದಲ್ಲಿ ಹಸಿವಾಗಲ್ಲಮ್ಮ" ಎಂದೆ, ಲೇಖಕಿಯ ಗತ್ತಿನಲ್ಲಿ.

"ಆಗ್ತೈತೆ ಮೇಡಂ. ನಮ್ಮವ್ವ ಹೋದ ದಿನ ನಾನು ಮೂರು ಸಲ ಉಂಡಿದ್ದೀನಿ."

ನನ್ನ ಗತ್ತು ಅಲ್ಲೇ ಇಳಿಯಿತು.

ಕಾರ್ಯಕ್ರಮ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಿದ್ದಾಗ ಅವಳು ಮತ್ತೆ ಬಂದಳು. ಅವಳ ತಾಯಿ ಹೋದ ಬೇಸಿಗೆಯಲ್ಲಿ ಜ್ವರವೆಂದು ಮಲಗಿದವರು ಏಳಲಿಲ್ಲವಂತೆ. ಮನೆಯಲ್ಲಿ ಈಗ ಅಪ್ಪ, ಅಜ್ಜಿ, ಇವಳು, ಮತ್ತೆ ಎಪ್ಪತ್ತು ಕುರಿ. ಇನ್ನು ಹತ್ತು ದಿನಕ್ಕೆ ಮಹಾಲಯ ಅಮಾವಾಸ್ಯೆ. ಹಿರಿಯರ ಹಬ್ಬ. ತೀರಿಹೋದವರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ ಎಡೆ ಇಡಬೇಕು. ತಾಯಿಗೆ ಇದು ಮೊದಲನೇ ಎಡೆ.

"ನಮ್ಮ ತಾತಂದು ಅಜ್ಜಿಗೆ ಬಾಯಿಪಾಠ ಮೇಡಂ. ಮಟನ್ ಸಾರು, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್. ಅವ್ವಂಗೆ ಏನಿಡಾಣ ಅಂದ್ರೆ ಯಾರಿಗೂ ಗೊತ್ತಿಲ್ಲ. ಅಪ್ಪ, ಅವಳಿಗೆ ಎಲ್ಲಾ ಇಷ್ಟ ಅಂತಾನೆ. ಅಜ್ಜಿ, ಎಲ್ಲಾರಿಗೂ ಇಕ್ಕಿ ಉಳಿದಿದ್ದು ಉಣ್ಣೋಳು ಅಂತಾಳೆ. ಉಳಿದಿದ್ದನ್ನ ಎಡೆ ಇಡಾಕಾಗ್ತೈತಾ ಮೇಡಂ?"

ನಾನು ಟೀ ಲೋಟ ಕೆಳಗಿಟ್ಟೆ. ಯಾಕೆ ಗೊತ್ತಾ? ನನ್ನ ಕಾದಂಬರಿಯ ಮೊದಲ ಪುಟದಲ್ಲೇ ಒಂದು ಸಾಲಿದೆ: 'ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಂಡು ಅಮ್ಮ ತೃಪ್ತಿಪಡುತ್ತಿದ್ದಳು.' ಎಷ್ಟೋ ಜನ ಅದನ್ನು ಮೆಚ್ಚಿದ್ದರು. ನಾನೂ ಮೆಚ್ಚಿದ್ದೆ, ಸುಳ್ಳು ಯಾಕೆ ಹೇಳಲಿ?

"ಅಮ್ಮನಿಗೆ ಒಂದು ಪತ್ರ ಬರಿ ಪುಟ್ಟಿ. ಮನಸ್ಸು ಹಗುರಾಗುತ್ತೆ" ಎಂದೆ. ಇಂಥ ಸಲಹೆ ನಮ್ಮ ಬಾಯಲ್ಲಿ ಯಾವಾಗಲೂ ರೆಡಿ ಇರುತ್ತದೆ.

"ಎಲೆ ಮ್ಯಾಲೆ ಲೆಟರ್ ಇಡಾಣೇನು ಮೇಡಂ?" ಎಂದು ಕೇಳಿ ಹುಡುಗಿ ಕ್ಲಾಸಿಗೆ ಹೋದಳು. ಹೋಗುವ ಮುಂಚೆ ನನ್ನ ನಂಬರ್ ಬರೆದುಕೊಂಡಳು, ಅದೊಂದು ಪುಣ್ಯ.

ನಾವು ದೊಡ್ಡವರು ಮಕ್ಕಳ ದುಃಖವನ್ನು ಕಿಟಕಿ ಪಕ್ಕ ಕೂರಿಸಿಬಿಡುತ್ತೇವೆ. ಅವರ ತಲೆಯೊಳಗೆ ಓಡುವುದು ಬೇರೆಯೇ. ನಾಳೆ ಜಡೆ ಹಾಕುವವರು ಯಾರು? ಪೇರೆಂಟ್ಸ್ ಮೀಟಿಂಗಿಗೆ ಅಪ್ಪ ಕುರಿ ಬಿಟ್ಟು ಬರುತ್ತಾನಾ? ಅವ್ವನಿಗೆ ಏನು ಇಷ್ಟ ಇತ್ತು? ಈ ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ತಾಯಿ ಇನ್ನೊಂದು ಸಲ ಕಳೆದುಹೋದ ಹಾಗೆ. ಹುಡುಗಿಯ ಭಯ ಅದೇ ಆಗಿತ್ತು ಅನ್ನಿಸುತ್ತದೆ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಫೋನ್ ಬಂತು.

"ಸಿಕ್ತು ಮೇಡಂ!"

ನಡೆದದ್ದು ಇಷ್ಟು. ಅವಳ ತಾಯಿ ವಾರವಾರ ಹೊಳಲ್ಕೆರೆ ಸಂತೆಗೆ ಹೋಗುತ್ತಿದ್ದರು. ಮನೆಯಲ್ಲಿ ಗೊತ್ತಿಲ್ಲದ್ದು ದಾರಿಯಲ್ಲಿ ಯಾರಿಗಾದರೂ ಗೊತ್ತಿರಬಹುದು ಎಂದು ಇವಳು ಆ ಬಸ್ಸಿನ ಕಂಡಕ್ಟರನ್ನೇ ಹಿಡಿದಿದ್ದಾಳೆ. ಆತ, "ನಿಮ್ಮವ್ವನಾ? ಪ್ರತಿ ಸಂತೆಗೂ ಬಸ್ ಸ್ಟಾರ್ಟ್ ಆದ್ಮೇಲೆ ಪೇಪರ್ ಪೊಟ್ಣ ಹಿಡ್ಕಂಡು ಓಡಿ ಬರೋರು. ಬಸ್‌ಸ್ಟ್ಯಾಂಡಿನ ಆ ಮಿರ್ಚಿ ಗಾಡಿ ಹತ್ರ ಕೇಳು" ಎಂದಿದ್ದಾನೆ.

ಮಿರ್ಚಿ ಗಾಡಿಯ ಅಕ್ಕ ಫೋಟೋ ನೋಡಿದ್ದೇ ತಡ, ಗುರುತು ಹಿಡಿದಳಂತೆ. "ಈ ಅಕ್ಕನಾ? ಸಂತೆ ದಿನ ನಾಲ್ಕು ಮಿರ್ಚಿ. ಕರಿದಿಟ್ಟಿದ್ದು ಮುಟ್ಟೋಳಲ್ಲ, ಎದುರಿಗೇ ಕರೀಬೇಕು. ಬಜ್ಜಿ ಸೀಳಿ ಈರುಳ್ಳಿ ತುಂಬಿ, ಮ್ಯಾಲೆ ನಿಂಬೆಹಣ್ಣು ಹಿಂಡಬೇಕು. ಮನಿಗೂ ಒಯ್ಯಕ್ಕ ಅಂದ್ರೆ, ಮನಿಗೆ ಒಯ್ದ್ರೆ ನನಗೆಲ್ಲಿ ಉಳಿತಾವೆ ಅನ್ನೋಳು!"

ಉಳಿದದ್ದನ್ನು ಉಂಡು ತೃಪ್ತಿಪಡುತ್ತಿದ್ದ ತಾಯಿ!

"ಬಸ್‌ಸ್ಟ್ಯಾಂಡಲ್ಲೇ ನಗು ಬಂದುಬಿಡ್ತು ಮೇಡಂ. ನಕ್ಕು ನಕ್ಕು ಆಮೇಲೆ ಅಳು ಬಂತು. ಆ ಅಕ್ಕ ಹೆದರಿ ನನಗೂ ಎರಡು ಮಿರ್ಚಿ ಕೊಟ್ಲು. ಹಬ್ಬಕ್ಕೆ ಬರ್ರಿ, ಮರೀಬ್ಯಾಡ್ರಿ."

ಹೋಗದೇ ಇರುವುದುಂಟೆ?

ಹೋದಾಗ ಮನೆಯಲ್ಲಿ ಸಣ್ಣ ಯುದ್ಧ ನಡೆದಿತ್ತು. ಫೋಟೋಗಳ ಮುಂದೆ ಎಲೆ ಹಾಕಿ, ಹೊಸ ಸೀರೆ ಪಂಚೆ ಇಟ್ಟು, ಅನ್ನ, ಸಾರು, ಒಬ್ಬಟ್ಟು ಬಡಿಸಿಯಾಗಿತ್ತು. ತಾತನ ಕ್ವಾರ್ಟರೂ ಹಾಜರಿತ್ತು. ಸೊಸೆಯ ಎಲೆ ಮಾತ್ರ ಅರ್ಧ ಖಾಲಿ.

"ನೋಡ್ರಿ ತಾಯಿ, ಕುಂತ್ಕಳ್ರಿ" ಎಂದು ಅಜ್ಜಿ ನನಗೆ ದೂರು ಕೊಟ್ಟರು. "ಹಿರೇರೆಲ್ಲ ಹಸ್ಕಂಡು ಬಾಗ್ಲಾಗೆ ನಿಂತಿರ್ತಾರೆ. ಇವಳು ಈಗ ಎಣ್ಣೆ ಇಟ್ಟವಳೆ!"

"ತಣ್ಣಗಾದ್ರೆ ಅವ್ವ ಮುಟ್ಟಲ್ಲ" ಎಂದು ಒಳಗಿನಿಂದ ಉತ್ತರ ಬಂತು.

ಅಪ್ಪ ಒಂದು ಮೂಲೆಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಕಣ್ಣು ಒರೆಸಿಕೊಳ್ಳಲು ಅವರಿಗೆ ಅದೊಳ್ಳೆ ನೆಪವಾಗಿತ್ತು.

ನಾಲ್ಕು ಮಿರ್ಚಿ ಬಾಣಲೆಯಿಂದ ನೇರ ಎಲೆಗೆ ಬಂದವು. ಈರುಳ್ಳಿ, ನಿಂಬೆಹಣ್ಣು, ಯಾವುದೂ ತಪ್ಪಲಿಲ್ಲ. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಯ ಮೇಲೆ ಕೂತೆವು. ಕೊಟ್ಟಿಗೆಯಲ್ಲಿ ಕುರಿಮರಿಯೊಂದು ಕೂಗುತ್ತಿತ್ತು.

ಆಮೇಲೆ ಅಜ್ಜಿ ತಡೆಯಲಾರದೆ ಬಾಯಿಬಿಟ್ಟರು. "ಹದಿನೆಂಟು ವರ್ಷ ನನ್ನ ಮನ್ಯಾಗಿದ್ಲು. ಒಂದು ದಿನ ಅತ್ತೆಗೊಂದು ಮಿರ್ಚಿ ತರಲಿಲ್ಲ ನೋಡ್ರಿ, ಕಳ್ಳಿ!"

ರಕ್ಷಿತಾ ಕಿಸಕ್ಕನೆ ನಕ್ಕಳು. ಅವರಪ್ಪ ನಕ್ಕರು. ಅಜ್ಜಿಯೂ ನಗುತ್ತಾ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಸತ್ತವರ ಬಗ್ಗೆ ಚಾಡಿ ಹೇಳುವಷ್ಟು ಸಲಿಗೆ ಉಳಿದಿದ್ದರೆ ಆ ಮನೆ ಚೇತರಿಸಿಕೊಳ್ಳುತ್ತದೆ ಎಂದು ನನಗೆ ಸಮಾಧಾನವಾಯಿತು. ಬಾಗಿಲು ತೆಗೆದ ಮೇಲೆ ಎಡೆಯ ಮೊದಲ ಮಿರ್ಚಿ ಯಾರ ಕೈಗೆ ಹೋಯಿತೆಂದು ಬೇರೆ ಹೇಳಬೇಕೆ? ಅಜ್ಜಿ ಹದಿನೆಂಟು ವರ್ಷದ ಬಾಕಿಯನ್ನು ಒಂದೇ ತುತ್ತಿಗೆ ತೀರಿಸಿಕೊಂಡರು.

ಕಾದಂಬರಿ ಮರುಮುದ್ರಣವಾದರೆ (ಆಗಲಿ ಎಂದು ಹರಸಿ) ಮೊದಲ ಪುಟದ ಆ ಸಾಲು ತೆಗೆಯುತ್ತೇನೆ. ಮಳೆಯನ್ನೂ ಸ್ವಲ್ಪ ಕಮ್ಮಿ ಮಾಡುತ್ತೇನೆ. ನಾಯಕಿಗೆ ಎರಡನೇ ಅಧ್ಯಾಯದಲ್ಲೇ ಊಟ ಹಾಕುತ್ತೇನೆ.

ಸಂಜೆ ದುರ್ಗಕ್ಕೆ ವಾಪಸಾದವಳೇ ನನ್ನ ಅಮ್ಮನನ್ನು ಕೇಳಿದೆ. ಎಪ್ಪತ್ತಾರು ವರ್ಷ, ಗಟ್ಟಿಮುಟ್ಟಾಗಿದ್ದಾಳೆ, ನನ್ನ ಜೊತೆಗೇ ಇದ್ದಾಳೆ.

"ಅಮ್ಮಾ, ನಿನಗೆ ತಿನ್ನಕ್ಕೆ ಏನಿಷ್ಟ?"

"ನಂದೇನೈತೆ? ನೀವೆಲ್ಲ ಉಂಡು ಉಳಿದಿದ್ದಾದ್ರೆ ಸಾಕು."

ಅಬ್ಬಾ! ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಪ್ರತಿ ಸೋಮವಾರ ದೇವಸ್ಥಾನಕ್ಕೆಂದು ಹೊರಡುವ ನಮ್ಮಮ್ಮ ಎರಡು ತಾಸು ಬಿಟ್ಟು ಬರುತ್ತಾಳೆ. ಪ್ರಸಾದ ತಿಂದೆ, ಹಸಿವಿಲ್ಲ ಎನ್ನುತ್ತಾಳೆ. ಮೊನ್ನೆ ಅವಳ ಸೀರೆ ಒಗೆಯಲು ಹಾಕುವಾಗ ನೋಡಿದೆ, ಸೆರಗಿನ ಮೇಲೆ ಕಾಯಿಚಟ್ನಿಯ ಕಲೆ.

ಪ್ರಸಾದಕ್ಕೆ ಚಟ್ನಿ ನೆಂಚಿಕೊಳ್ಳಲು ಕೊಡುವ ದೇವಸ್ಥಾನ ನಮ್ಮೂರಲ್ಲಿ ಎಲ್ಲಿದೆ, ನಿಮಗೇನಾದರೂ ಗೊತ್ತಾ?