ಗಾಳಿಯಕ್ಕನ ಹುಕ್ಕು

ಊರಿಗೆಲ್ಲ ಅವಳು ಗಾಳಿಯಕ್ಕ, ನನಗೆ ಹೆಂಡತಿ. ಗಾಡಿಗಳ ಎಸಿ, ಹೀಟರ್ ರಿಪೇರಿ ಅವಳ ಕಸುಬು. ಪಕ್ಕದ ಕೋಣೆಯಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ. ನಡುವೆ ತಗಡಿನ ಗೋಡೆ, ಅದರಲ್ಲೊಂದು ಕಿಟಕಿ. ಇಪ್ಪತ್ತೆರಡು ವರ್ಷಗಳಿಂದ ಆ ಕಿಟಕಿಯಲ್ಲಿ ಅವಳ ಕೆಲಸ ನೋಡುತ್ತಾ ಬಂದಿದ್ದೇನೆ. ಹೆಂಗಸಿಗೆ ಇದೆಲ್ಲ ಏನು ಗೊತ್ತಾಗುತ್ತದೆ ಎಂದು ಮೂಗು ಮುರಿದವರೇ ಈಗ ಗಾಡಿ ತಂದು ಸಾಲಾಗಿ ನಿಲ್ಲಿಸುತ್ತಾರೆ. ನೋಡಿದರೆ ನನಗೆ ಎದೆಯುಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ.

ಕೆಲವು ತಿಂಗಳ ಹಿಂದೆ ಕೋಳಿಮರಿ ಸಾಗಿಸುವವನೊಬ್ಬ ತನ್ನ ಹಳೇ ಪಿಕಪ್ ತಂದ. ಮೊಟ್ಟೆಯೊಡೆದು ಒಂದೇ ದಿನವಾದ ಮರಿಗಳನ್ನು ಕ್ಯಾಬಿನ್ನಿನ ಹಿಂದಿನ ಸೀಟು ಕಿತ್ತ ಜಾಗದಲ್ಲಿಟ್ಟು ಬೆಟ್ಟದಿಂದ ಬಯಲಿಗೆ ಒಯ್ಯುತ್ತಾನೆ. ಬೆಟ್ಟದಲ್ಲಿ ಹೀಟರ್ ಬೇಕು, ಬಯಲಿಗಿಳಿದರೆ ಎಸಿ ಬೇಕು. ಈಗ ಏನು ಹಾಕಿದರೂ ಬರುತ್ತಿದ್ದುದು ಉಗುರುಬೆಚ್ಚಗಿನ ಗಾಳಿ. ಎರಡು ಸಲ ಮರಿಗಳು ಸತ್ತಿದ್ದವು. ನಾಳೆಯೂ ಸತ್ತರೆ ಕೆಲಸ ಬೇರೆ ಗಾಡಿಗೆ ಎಂದು ಮರಿ ಕೊಡುವವರು ಖಡಾಖಂಡಿತವಾಗಿ ಹೇಳಿದ್ದರಂತೆ. ಒಬ್ಬ ಮೆಕ್ಯಾನಿಕ್ ಎರಡು ಸಲ ಗ್ಯಾಸ್ ತುಂಬಿದ್ದ; ಇನ್ನೊಬ್ಬ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಅಂದಿದ್ದ. ಬಿಚ್ಚುವುದಕ್ಕೇನು, ಯಾರು ಬೇಕಾದರೂ ಬಿಚ್ಚುತ್ತಾರೆ!

ಇವಳದೊಂದು ಪದ್ಧತಿ: ಪಾನಾ ಮುಟ್ಟುವ ಮೊದಲು ಪೈಪು ಮುಟ್ಟುತ್ತಾಳೆ. ಹೀಟರಿಗೆ ಬಿಸಿನೀರು ಹೋಗುವ, ಬರುವ ಎರಡೂ ಪೈಪು ಸುಡುತ್ತಿದ್ದವು. ಎಸಿಯ ಪೈಪು ಬೆವರುವಷ್ಟು ತಣ್ಣಗಿತ್ತು. ಬಿಸಿಯೂ ಸರಿಯಿದೆ, ತಂಪೂ ಸರಿಯಿದೆ, ಎರಡನ್ನೂ ಬೇರೆ ಮಾಡುವ ಒಳಗಿನ ಪುಟ್ಟ ಬಾಗಿಲು ಅರ್ಧಕ್ಕೆ ನಿಂತು ಎರಡೂ ಗಾಳಿ ಬೆರೆಯುತ್ತಿವೆ ಎಂದಳು.

ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಏನೋ ಹೊರತೆಗೆದಳು. ಕಿಟಕಿಯಿಂದಲೇ ಗುರುತು ಸಿಕ್ಕಿತು. ಪ್ಯಾಂಟಿನ ಹುಕ್ಕು, ನನ್ನ ಡಬ್ಬಿಯದು! ಒಂಬತ್ತು ವರ್ಷದ ಹಿಂದೆ ಇದೇ ಗಾಡಿಯಲ್ಲಿ ಆ ಬಾಗಿಲನ್ನು ಎಳೆಯುವ ಕೇಬಲ್ ಹಿಡಿದಿಡುವ ಕ್ಲಿಪ್ಪು ಮುರಿದಾಗ, ಸದ್ಯಕ್ಕಿರಲಿ ಎಂದು ಸಿಕ್ಕಿಸಿದ್ದಳು. ಸರಿಯಾದ ಕ್ಲಿಪ್ಪು ಹಾಕುವುದು ಮರೆತೇಹೋಗಿತ್ತು. ಈಗ ಹುಕ್ಕು ಸವೆದು ಕೇಬಲ್ ಜಾರಿತ್ತು.

ಗಾಡಿಯವನಿಗೆ ಇದರ ಗಂಧಗಾಳಿ ಇರಲಿಲ್ಲ. ಹುಕ್ಕನ್ನು ಜೇಬಿಗೆ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು. ಸುಮ್ಮನಿರು ಎಂದು ನಾನು ಕಣ್ಸನ್ನೆ ಮಾಡಿದೆ. ಇಪ್ಪತ್ತೆರಡು ವರ್ಷ ಕಟ್ಟಿದ ಹೆಸರು; ಬಾಯಿಬಿಟ್ಟರೆ ಸಂಜೆಯೊಳಗೆ ಎಲ್ಲ ಗ್ಯಾರೇಜಿನವರೂ ಆಡಿಕೊಂಡು ನಗುತ್ತಾರೆ. ಅವಳು ನನ್ನನ್ನು ಕೆಕ್ಕರಿಸಿ ನೋಡಿ, ಹುಕ್ಕನ್ನು ಅವನ ಅಂಗೈಗಿಟ್ಟಳು.

"ಅಣ್ಣಾ, ಇದು ನನ್ನ ತಪ್ಪು. ನಿಮ್ಮ ಮರಿ ಸತ್ತಿದ್ದು ಇದರಿಂದ."

ಅವನ ಮುಖ ಕೆಂಪಾಯಿತು. ಹುಕ್ಕನ್ನು ಹಿಡಿದುಕೊಂಡೇ ಬೆಂಚಿನ ಮೇಲೆ ಕುಳಿತ. ಅವಳು ಹಿತ್ತಾಳೆ ತಗಡು ಕತ್ತರಿಸಿ, ಅಂಚು ಉಜ್ಜಿ, ಹೊಸ ಕ್ಲಿಪ್ಪು ಮಾಡಿ ಸ್ಕ್ರೂ ಬಿಗಿದಳು. ನಾಬ್ ಒಂದು ಕಡೆ ತಿರುಗಿಸಿದರೆ ಸುಡುವ ಗಾಳಿ, ಇನ್ನೊಂದು ಕಡೆ ಕೊರೆಯುವ ತಂಪು. ಹೋಗಿಬರುತ್ತೇನೆ ಎಂದೂ ಹೇಳದೆ ಅವನು ಹೊರಟುಹೋದ. ಬೇಕಿತ್ತಾ ಇದೆಲ್ಲ ಎಂದು ನಾನು ರೇಗಾಡಿದೆ. ಅವಳು ಪಾನಾಗಳನ್ನು ಒರೆಸಿ ಎತ್ತಿಟ್ಟಳು. ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಮರುದಿನ ಮಧ್ಯಾಹ್ನ ಅವಳ ಫೋನ್ ಬಡಿದುಕೊಂಡಿತು. ಸ್ವಲ್ಪ ಹೊತ್ತು ಕೇಳಿ, ಕಿಟಕಿಯಲ್ಲಿ ಕೈ ತೂರಿಸಿ ನನ್ನ ಕಿವಿಗೆ ಹಿಡಿದಳು. ಬರೀ ಚಿಂವ್ ಚಿಂವ್ ಸದ್ದು, ನೂರಾರು ಮರಿಗಳದ್ದು. ಆಮೇಲೆ ಅವನ ದನಿ.

"ಅಕ್ಕಾ, ಒಂದೂ ಸತ್ತಿಲ್ಲ. ಮುಂದಿನ ವಾರ ನಮ್ಮಣ್ಣನ ಗಾಡಿ ತರ್ತೀನಿ. ಬೇರೆ ಯಾರ ಕೈಗೂ ಕೊಡಲ್ಲ."

ನನ್ನ ಕಣ್ಸನ್ನೆಯ ಮಾತನ್ನು ಅವಳು ಇವತ್ತಿಗೂ ಎತ್ತಿಲ್ಲ. ಹುಕ್ಕಿನ ಕಥೆಯನ್ನು ಮಾತ್ರ ಅಳತೆ ಕೊಡಲು ಬಂದವರಿಗೆಲ್ಲ ನಾನೇ ಹೇಳುತ್ತೇನೆ, ಕಣ್ಸನ್ನೆಯನ್ನೂ ಸೇರಿಸಿ.