ಹೊಂಡದ ಲಂಗ

ನನ್ನ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆದ ಮೇಲೆ ನಮ್ಮ ಸುತ್ತಮುತ್ತ ಇದ್ದವರೆಲ್ಲ ಡಾಕ್ಟರಾದರು. ಹಾಲಿನವನು ಎಳ್ಳು ತಿನ್ನಿಸಿ ಅಂದ. ಎದುರು ಮನೆಯವರು ಎಣ್ಣೆ ತಿಕ್ಕಿ ಅಂದರು. ಭಾತಂಬ್ರಾದಿಂದ ನೋಡಲು ಬಂದ ಅವಳ ತಮ್ಮ, ಏನೂ ಮಾಡಬೇಡಿ, ಅಕ್ಕ ಸುಮ್ಮನೆ ಮಲಗಿರಲಿ ಅಂದ. ನಿಜವಾದ ಡಾಕ್ಟರು ಮಾತ್ರ ಒಂದೇ ಮಾತು ಹೇಳಿ ಕಳಿಸಿದ್ದರು: ನಡೆಯಬೇಕು, ದಿನಾ ನಡೆಯಬೇಕು. ನಡೆಯದೆ ಕೂತರೆ ಹೊಸ ಮೊಣಕಾಲು ಬಿಗಿದುಕೊಳ್ಳುತ್ತದೆ, ಆಮೇಲೆ ನನ್ನ ಹತ್ತಿರ ಬಂದು ಪ್ರಯೋಜನವಿಲ್ಲ ಅಂದಿದ್ದರು.

ಆಕೆ ನಡೆಯಲಿಲ್ಲ. ಆಸ್ಪತ್ರೆಯಲ್ಲಿ ನರ್ಸಮ್ಮನ ಮುಂದೆ ಮರ್ಯಾದೆ ಹೋಗಬಾರದೆಂದು ನಡೆದಿದ್ದಳು. ಬೀದರಿನ ಮೈಲೂರು ಬಡಾವಣೆಯ ನಮ್ಮ ಮನೆಗೆ ಬಂದ ವಾರದೊಳಗೆ ಬಚ್ಚಲಲ್ಲಿ ಕಾಲು ಜಾರಿತು. ಬೀಳಲಿಲ್ಲ, ನಲ್ಲಿ ಹಿಡಿದು ನಿಂತಳು, ಆದರೆ ಹೆದರಿಕೆ ಒಳಗೆ ಕೂತುಬಿಟ್ಟಿತು. ಅವತ್ತಿನಿಂದ ಹಾಸಿಗೆ, ಬಚ್ಚಲು, ಮುಂದಿನ ಕಟ್ಟೆಯ ಮೇಲಿನ ಪ್ಲಾಸ್ಟಿಕ್ ಕುರ್ಚಿ, ಇಷ್ಟೇ ಅವಳ ಊರು.

“ಈ ಕಾಲು ನಂದಲ್ಲ ಅನಸ್ತದ್ರಿ,” ಅಂದಳು ಒಮ್ಮೆ. “ಯಾರದೋ ಕಾಲು ತಂದು ಹಚ್ಚ್ಯಾರ. ಅದರ ಮ್ಯಾಲ ನನಗ ಭರೋಸಾ ಇಲ್ಲ.”

ನಾನು ಬಸ್ ಕಂಡಕ್ಟರ್ ಆಗಿದ್ದವನು. ಬೀದರಿನಿಂದ ಭಾಲ್ಕಿ, ಬೀದರಿನಿಂದ ಔರಾದ್, ಇವೇ ನನ್ನ ದಾರಿಗಳು. ಜನ್ಮವೆಲ್ಲ ‘ಮುಂದ ನಡೀರಿ, ಮುಂದ ನಡೀರಿ’ ಎಂದು ಗಂಟಲು ಹರಿದುಕೊಂಡವನು. ನನ್ನ ಮಾತಿಗೆ ಕೋಳಿ ಬುಟ್ಟಿ ಹೊತ್ತ ಮುದುಕಿಯರು ಸರಿದಿದ್ದಾರೆ, ಪೊಲೀಸರೂ ಸರಿದಿದ್ದಾರೆ. ಸ್ವಂತ ಹೆಂಡತಿಯನ್ನು ಕುರ್ಚಿಯಿಂದ ಎಬ್ಬಿಸಲು ಆಗಲಿಲ್ಲ. ಗದರಿಸಿದೆ, ಅತ್ತಳು. ಮುದ್ದು ಮಾಡಿದೆ, ನಕ್ಕಳು, ಏಳಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಡಿಪೋದಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಈ ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ. ಇವಳು ಹೀಗೇ ಕೂತುಬಿಟ್ಟರೆ ಏನು ಗತಿ?

ಆಗ ಹೊಳೆದದ್ದು ಹೊಂಡ. ಅವಳು ಹುಡುಗಿಯಾಗಿದ್ದಾಗ ಭಾತಂಬ್ರಾದ ಹೊಲದ ಬಾವಿಯ ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲಾಡಿಸುತ್ತಿದ್ದ ಕಥೆಯನ್ನು ಮದುವೆಯಾದಾಗಿನಿಂದ ಕೇಳುತ್ತ ಬಂದಿದ್ದೇನೆ. ಕಂಪೌಂಡಿನ ಕೊನೆಗೆ, ಪೇರಲ ಗಿಡದ ಆಚೆ, ಒಂದು ಸಣ್ಣ ಹೊಂಡ ತೋಡಿಸಿ ಮೀನು ಬಿಟ್ಟರೆ ನೋಡುವ ಆಸೆಗಾದರೂ ಎದ್ದು ಬರುತ್ತಾಳೆ ಅಂದುಕೊಂಡೆ. ಅವಳ ತಮ್ಮ ತನ್ನ ಹೊಲದ ಕೃಷಿ ಹೊಂಡಕ್ಕೆ ಹಾಸಿ ಉಳಿದಿದ್ದ ದಪ್ಪ ಕರಿ ಪ್ಲಾಸ್ಟಿಕ್ ತಾಡಪತ್ರಿಯ ತುಂಡನ್ನು ಬಸ್ಸಿನಲ್ಲಿ ಹಾಕಿ ಕಳಿಸಿದ. ಭಾಲ್ಕಿಯಲ್ಲಿರುವ ಮಗಳು ಬಣ್ಣದ ಮೀನು ತಂದಳು. ನಮ್ಮ ಕೆಂಪು ನೆಲ ಸಲಿಕೆಗೆ ಸುಲಭವಾಗಿ ಬಗ್ಗುವುದಲ್ಲ, ಆಳು ಹಚ್ಚಿ ತೋಡಿಸಿದೆ. ತಾಡಪತ್ರಿ ಹಾಸಿ, ನೀರು ತುಂಬಿಸಿ, ಅಂಚಿನ ಮೇಲೆ ಒಂದಿಷ್ಟು ಮಣ್ಣು ಎಳೆದು ಅವಳನ್ನು ಕರೆದೆ.

ಕುರ್ಚಿಯಿಂದಲೇ ಕುತ್ತಿಗೆ ಉದ್ದ ಮಾಡಿ ನೋಡಿದಳು. “ತಾಡಪತ್ರಿ ಕಾಣಲತ್ತದ ನೋಡ್ರಿ,” ಅಂದಳು. ಅಷ್ಟೇ. ಮೀನು ಕಾಣಲಿಲ್ಲ, ನೀರು ಕಾಣಲಿಲ್ಲ, ಗಂಡನ ಬೆವರು ಕಾಣಲಿಲ್ಲ. ನೀರಿಗೂ ಮಣ್ಣಿಗೂ ನಡುವೆ ಸುತ್ತಲೂ ಗೇಣಗಲ ಕರಿ ಪಟ್ಟಿ ಇದ್ದದ್ದು ನಿಜ. ಪಕ್ಕದ ಮನೆಯ ಆಪಾ, ನಮ್ಮಿಬ್ಬರ ಮನೆಯ ನಡುವಿನ ಗೋಡೆಯ ಮೇಲಿಂದ ಇಣುಕಿ, ಚೆನ್ನಾಗಿದೆಯಲ್ಲ ಅಂದರು. ನನ್ನ ಹೆಂಡತಿ ಬಿಡಲಿಲ್ಲ. ಸೀರೆಯ ಕೆಳಗೆ ಲಂಗ ಇಣುಕಿದ ಹಾಗಿದೆ ಅಂದಳು. ಆಪಾ ಓಢಣಿ ಬಾಯಿಗಿಟ್ಟು ನಕ್ಕರು. ಅಂದಿನಿಂದ ಆ ಕರಿ ಪಟ್ಟಿಗೆ ಲಂಗ ಎಂದೇ ಹೆಸರು ಬಿತ್ತು. ಹೊಂಡ ನೋಡಲು ಬಂದವರೆಲ್ಲ ಮೊದಲು ಲಂಗ ಎಲ್ಲಿದೆ ಎಂದು ಕೇಳತೊಡಗಿದರು.

ಮೊದಲು ಕಲ್ಲು ಇಟ್ಟೆ. ಬೀದರಿನಲ್ಲಿ ಕೆಂಪು ಕಲ್ಲಿಗೇನು ಬರ? ಹಳೆಯ ಗೋಡೆ ಕೆಡವಿದವರ ಮನೆಯಿಂದ ಒಂದು ಟಂಟಂ ಆಟೋ ತುಂಬ ತಂದು ಸುತ್ತಲೂ ಸಾಲಾಗಿ ಜೋಡಿಸಿದೆ. ಇದೇನು ಹೊಂಡವೋ ಗೋರಿಯೋ ಎಂದು ಕುರ್ಚಿಯಿಂದ ತೀರ್ಪು ಬಂತು. ಮೇಲಾಗಿ ಕಲ್ಲಿನ ಸಂದಿಗಳಲ್ಲಿ ಕರಿ ಬಣ್ಣ ಇಣುಕುತ್ತಲೇ ಇತ್ತು. ಬಿಸಿಲಿಗೆ ನೀರು ಒಂದಿಷ್ಟು ಇಳಿದರೆ ಸಾಕು, ಕಲ್ಲಿನ ಕೆಳಗೂ ಲಂಗ. ಆ ದಿನವೆಲ್ಲ ನಾನು ಅವಳ ಜೊತೆ ಮಾತು ಬಿಟ್ಟೆ.

ಆಮೇಲೆ ಗೋಣಿ ಚೀಲ. ಕಲ್ಲು ತೆಗೆದು, ಹಳೆಯ ಚೀಲಗಳ ಹೊಲಿಗೆ ಬಿಚ್ಚಿ ಅಂಚಿನ ಮೇಲೆ ಹೊದಿಸಿದೆ. ಒಂದು ಕೊನೆಯನ್ನು ನೀರಿಗೆ ಇಳಿಬಿಟ್ಟೆ, ಇನ್ನೊಂದು ಕೊನೆಯನ್ನು ಹೊರಗಿನ ಮಣ್ಣಿನಲ್ಲಿ ಹುಗಿದೆ. ಮೇಲೆ ಮಣ್ಣು ಹರಡಿ ಕರಿಕೆ ಹುಲ್ಲು ನೆಟ್ಟೆ. ಇದು ನನ್ನದೇ ತಲೆ, ಬಹಳ ಹೆಮ್ಮೆಯಿತ್ತು. ಕರಿಕೆ ಚಿಗುರಿತು, ಕರಿ ಪಟ್ಟಿ ಮಾಯವಾಯಿತು. ಆದರೆ ದಿನಾ ಬೆಳಿಗ್ಗೆ ನೋಡಿದರೆ ನೀರು ಇಳಿದಿರುತ್ತಿತ್ತು. ತುಂಬಿಸಿದೆ, ಇಳಿಯಿತು. ಮತ್ತೆ ತುಂಬಿಸಿದೆ, ಮತ್ತೆ ಇಳಿಯಿತು. ತಾಡಪತ್ರಿ ತೂತಾಗಿದೆ ಎಂದು ಭಾತಂಬ್ರಾಕ್ಕೆ ಫೋನು ಹಚ್ಚಿ ಅವಳ ತಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ಹರಕು ಮಾಲನ್ನು ಅಕ್ಕನ ಮನೆಗೆ ಕಳಿಸುತ್ತೀಯಾ ಅಂದೆ. ಅವನೂ ಕಡಿಮೆಯವನಲ್ಲ, ಪುಕ್ಕಟೆ ಕೊಟ್ಟದ್ದೇ ನನ್ನ ತಪ್ಪು ಅಂದು ಫೋನು ಇಟ್ಟ.

ನನ್ನ ಹೆಂಡತಿ ಅದೇ ಹೊತ್ತಿಗೆ ಕಟ್ಟೆಯ ಮೇಲೆ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಕೈ ನಿಂತಿತು. ಹೊಂಡವನ್ನೇ ನೋಡಿದಳು. ಆಮೇಲೆ ವಾಕರ್ ಎಳೆದುಕೊಂಡು ಎದ್ದು, ಮೆಟ್ಟಿಲು ಇಳಿದು, ನನಗೆ ಬೈಯುತ್ತ ಬೈಯುತ್ತ ಪೇರಲ ಗಿಡ ದಾಟಿ ಬಂದಳು. ಗೋಣಿಯ ಹೊರಗಿನ ಮಣ್ಣು ಮುಟ್ಟಿ ನೋಡಿ ಎಂದು ನನಗೆ ಹೇಳಿದಳು. ಮುಟ್ಟಿದೆ, ಕೆಸರಾಗಿತ್ತು.

“ಸುತ್ತ ಬತ್ತಿ ಇಟ್ಟೀರಿ,” ಅಂದಳು. “ಬತ್ತಿ ಎಣ್ಣಿ ಕುಡಿತದಲ್ಲ, ಹಂಗ ಗೋಣಿ ನೀರು ಕುಡದು ಹೊರಗ ಹಾಕಲತ್ತದ. ನನ್ನ ತಮ್ಮಗ ಯಾಕ ಬೈತೀರಿ?”

ಗೋಣಿ ಕಿತ್ತು ಹಾಕಿದೆ, ಮರುದಿನ ನೀರು ಇದ್ದಲ್ಲೇ ಇತ್ತು. ಭಾತಂಬ್ರಾಕ್ಕೆ ಇನ್ನೊಮ್ಮೆ ಫೋನು ಹಚ್ಚಿ ದನಿ ಇಳಿಸಿ ಮಾತಾಡಬೇಕಾಯಿತು. ಆ ಗದ್ದಲದಲ್ಲಿ ಅವಳು ಅಷ್ಟು ದೂರ ನಡೆದು ಬಂದಳು ಎಂಬುದು ನನ್ನ ತಲೆಗೇ ಹೋಗಲಿಲ್ಲ.

ಮೂರನೆಯ ಸಲ ಹಟಕ್ಕೆ ಬಿದ್ದೆ. ನನ್ನ ಜೊತೆ ವರ್ಷಗಟ್ಟಲೆ ಔರಾದ್ ಬಸ್ಸು ಓಡಿಸಿದ ಡ್ರೈವರ್ ಗೆಳೆಯ ಈಗ ಎಕಂಬಾದಲ್ಲಿ ಹೊಲ ನೋಡಿಕೊಂಡಿದ್ದಾನೆ. ಅವನ ಹೊಲದ ಪಕ್ಕದ ಹಳ್ಳದಿಂದ ಜೇಕು ಹುಲ್ಲನ್ನು ಬೇರು ಸಮೇತ ಕಿತ್ತು, ನೀರು ಸೋರುವ ಗಂಟನ್ನು ಬಗಲಲ್ಲಿ ಹಿಡಿದು ಬಸ್ಸು ಹತ್ತಿದೆ. ಈಗಿನ ಕಂಡಕ್ಟರ್, ಮೀಸೆ ಮೂಡಿದ್ದು ಮೊನ್ನೆಯಿರಬೇಕು, ಬಾಗಿಲಲ್ಲಿ ನಿಲ್ಲಬೇಡ ಅಜ್ಜಾ ಮುಂದೆ ನಡಿ ಎಂದು ಗದರಿದ. ತೆಪ್ಪಗೆ ನಡೆದೆ. ಆಪಾ ಗೋಡೆಯ ಮೇಲಿಂದ ಪುದೀನ ಕಡ್ಡಿಗಳನ್ನು ಕೊಟ್ಟರು.

ಈ ಸಲ ನೀರನ್ನು ಅರ್ಧ ಖಾಲಿ ಮಾಡಿ, ತಾಡಪತ್ರಿಯ ಅಂಚು ಎತ್ತಿ, ಹೊಂಡದ ಒಳಮೈಗೆ ಸುತ್ತಲೂ ಒಂದು ಮೆಟ್ಟಿಲು ಕೊರೆದೆ. ಅದರ ಮೇಲೆ ತಾಡಪತ್ರಿಯನ್ನು ಮತ್ತೆ ಹಾಸಿ, ಕೆಂಪು ಕಲ್ಲುಗಳನ್ನು ಅರ್ಧ ನೀರಿನಲ್ಲಿ ಮುಳುಗುವಂತೆ ಕೂರಿಸಿದೆ. ತಾಡಪತ್ರಿಯ ಕೊನೆ ಕಲ್ಲುಗಳ ಹಿಂದೆ ನೀರಿಗಿಂತ ಮೇಲಕ್ಕೆ ಏರಿ ಮಣ್ಣಿನಲ್ಲಿ ಅಡಗಿತು. ಕಲ್ಲಿನ ಸಂದಿಗೆ ಜೇಕು, ಹಿಂದಿನ ಮಣ್ಣಿಗೆ ಪುದೀನ. ಮಳೆ ಬಿದ್ದದ್ದೇ ತಡ, ಪುದೀನ ಕಲ್ಲಿನ ಮೇಲೆಲ್ಲ ಹಬ್ಬಿತು. ಎಲ್ಲಿ ನೋಡಿದರೂ ಕರಿ ಬಣ್ಣದ ಸುಳಿವಿಲ್ಲ. ಕುರ್ಚಿಯ ಕಡೆ ನೋಡಿದೆ. ಅವಳು ಬಹಳ ಹೊತ್ತು ಹುಡುಕಿ ಹುಡುಕಿ ನೋಡಿ, ಈಗ ಛಂದ ಆಯಿತು ಅಂದಳು. ನನ್ನ ಖುಷಿ ಕೇಳಬೇಡಿ. ಆಪಾನ ಮನೆಯವರನ್ನೆಲ್ಲ ಕರೆದು ಚಹಾ ಕುಡಿಸಿದೆ.

ಅಲ್ಲಿಗೆ ಮುಗಿಯಿತು. ತಪ್ಪು ಹಿಡಿಯಲು ಏನೂ ಉಳಿಯದೆ ಅವಳು ಹೊಂಡದ ಕಡೆ ನೋಡುವುದನ್ನೇ ಬಿಟ್ಟಳು. ಕುರ್ಚಿಯಲ್ಲಿ ಕೂತು ಬತ್ತಿ ಹೊಸೆಯುವುದು, ಅಲ್ಲೇ ತೂಕಡಿಸುವುದು. ಮುಂದಿನ ಸಲ ಹೋದಾಗ ಡಾಕ್ಟರು ಕಾಲು ಮಡಿಸಿ ನೋಡಿ ಮುಖ ಗಂಟಿಕ್ಕಿದರು. ನೀವು ನಡೆಸಿಲ್ಲ ಅಂದರು, ನನಗೆ. ಇನ್ನೂ ಕೆಲವು ವಾರ ಹೀಗೇ ಬಿಟ್ಟರೆ ಈ ಕಾಲು ಮಡಚುವುದಿಲ್ಲ ಅಂದರು. ಆಟೋದಲ್ಲಿ ಮನೆಗೆ ಬರುವಾಗ ಅವಳು ಹೊರಗೆ ನೋಡುತ್ತ ಕಣ್ಣೊರೆಸಿಕೊಂಡಳು. ನನಗೂ ಅಳು ಬಂದಿತ್ತು. ಅಳಲಾರದೆ, ಗಾಡಿ ಸರಿಯಾಗಿ ಓಡಿಸುವುದಿಲ್ಲವೆಂದು ಆಟೋದವನಿಗೆ ಬೈದೆ.

ಮನೆಗೆ ಬಂದು ಹೊಂಡದ ಹತ್ತಿರ ನಿಂತಾಗ ತಲೆಗೆ ಹೊಳೆಯಿತು. ಅವಳು ಇಲ್ಲಿಯವರೆಗೆ ಬಂದದ್ದು ಒಂದೇ ಸಲ, ಅದೂ ನನ್ನ ಗೋಣಿ ಚೀಲದ ತಪ್ಪು ತೋರಿಸಲು. ಚೆಂದ ನೋಡಲು ಏಳುವವಳಲ್ಲ ಅವಳು, ಓರೆಕೋರೆ ಕಂಡರೆ ಕೂರಲಾರದವಳು. ಇಷ್ಟು ವರ್ಷದ ಸಂಸಾರದಲ್ಲಿ ನಾನು ವಾರೆಯಾಗಿ ಹಾಕಿದ ಟವೆಲನ್ನು ಸರಿ ಮಾಡದೆ ಊಟಕ್ಕೆ ಕೂತದ್ದಿಲ್ಲ.

ಮರುದಿನ ಬೆಳಿಗ್ಗೆ ಅವಳು ಕಟ್ಟೆಗೆ ಬರುವ ಮೊದಲು ಹೋಗಿ, ಮನೆಗೆ ಹತ್ತಿರದ ದಂಡೆಯಲ್ಲಿ ಪುದೀನ ಸರಿಸಿ, ತಾಡಪತ್ರಿಯ ಅಂಚನ್ನು ಮಣ್ಣಿನಿಂದ ಅಂಗೈಯಷ್ಟು ಮೇಲಕ್ಕೆ ಎಳೆದು ಬಿಟ್ಟೆ. ಅಷ್ಟು ಕಷ್ಟಪಟ್ಟು ಮುಚ್ಚಿದ್ದನ್ನು ನಾನೇ ಬಿಚ್ಚಲು ಮೊದಲು ಕೈ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಳಗೆ ಬಂದು ರೊಟ್ಟಿಯ ಹಿಟ್ಟಿಗೆ ಕೈ ಹಾಕಿದೆ. ಆಪರೇಷನ್ ಆದಾಗಿನಿಂದ ಅಡುಗೆ ನನ್ನದೇ.

“ಏನ್ರಿ, ಲಂಗ ಕಾಣಲತ್ತದ,” ಎಂದು ಕಟ್ಟೆಯಿಂದ ದನಿ ಬಂತು.

ಕೈ ಹಿಟ್ಟಾಗಿದೆ, ಆಮೇಲೆ ನೋಡುತ್ತೇನೆ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕರೆದಳು. ಕೇಳಿಸದವನಂತೆ ರೊಟ್ಟಿ ಬಡಿದೆ, ಬೇಕಂತಲೇ ಜೋರಾಗಿ ಬಡಿದೆ. ಆಪಾನ ಬೆಕ್ಕಿನದೇ ಈ ಕೆಲಸ ಎಂದು ಗೊಣಗಿದಳು. ಆಮೇಲೆ ವಾಕರಿನ ಸದ್ದು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹೊಂಡದ ಹತ್ತಿರ ನಿಂತು, ವಾಕರ್ ಗಟ್ಟಿ ಹಿಡಿದು, ಆ ಭರೋಸೆಯಿಲ್ಲದ ಕಾಲನ್ನೇ ಎತ್ತಿ ಮುಂದಿಟ್ಟು ತಾಡಪತ್ರಿಯನ್ನು ಒಳಗೆ ತುಳಿದಳು. ಅದೇ ಕಾಲಿನಿಂದ ಮಣ್ಣು ಎಳೆದು ಒತ್ತಿದಳು. ನೋಡುತ್ತ ನಿಂತದ್ದಕ್ಕೆ ನನ್ನ ರೊಟ್ಟಿ ಹೊತ್ತಿತು.

ದಿನಾ ಎಳೆದೆ. ದಿನಾ ಮುಚ್ಚಿದಳು. ಬೆಕ್ಕಿಗೆ ಬೈಗುಳ ಬಿತ್ತು, ಬೀದಿ ನಾಯಿಗೂ ಬಿತ್ತು. ಆಪಾಗೆ ಗೋಡೆಯ ಮೇಲಿಂದ ನನ್ನ ಕೆಲಸ ಕಂಡುಬಿಟ್ಟಿತ್ತು. ನನ್ನ ಬೆಕ್ಕಿನ ಹೆಸರು ಕೆಡಿಸಿದ್ದಕ್ಕೆ ಅದಕ್ಕೊಂದು ಮೀನು ಕೊಡಬೇಕು ಎಂದು ಪಿಸುಗುಟ್ಟಿ, ಸುಮ್ಮನಿದ್ದರು. ದಸರೆಯ ಹೊತ್ತಿಗೆ ವಾಕರ್ ಮೂಲೆ ಸೇರಿ ಕೋಲು ಬಂತು. ಡಾಕ್ಟರು ಕಾಲು ಮಡಿಸಿ ನೋಡಿ, ಏನು ಮಾಡಿದಿರಿ ಎಂದು ಕೇಳಿದರು. ತೋಟದ ಕೆಲಸ ಅಂದೆ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದೆ. ಅವಳು ಕೋಲನ್ನು ಪೇರಲ ಗಿಡಕ್ಕೆ ಆನಿಸಿ, ಏನೂ ಹಿಡಿಯದೆ ಹೊಂಡದ ಹತ್ತಿರ ನಿಂತಿದ್ದಳು. ಅವತ್ತಿನ ತಾಡಪತ್ರಿ ಮುಚ್ಚಿ ಆಗಿತ್ತು. ಲೋಟ ಇಸಿದುಕೊಂಡು, ನನ್ನ ಕಡೆ ನೋಡದೆ ಮಾತಾಡಿದಳು.

“ನಾಳಿಗಿ ಆಚಿ ದಂಡಿಗಿ ಎಳೀರಿ. ದಿನಾ ಇಷ್ಟೇ ನಡದು ಬ್ಯಾಸರ ಆಗ್ಯಾದ.”

ಯಾವಾಗಿನಿಂದ ಗೊತ್ತು ಎಂದು ಕೇಳಿದೆ.

“ಮೊದಲನೇ ದಿನಾನೇ ಕಿಟಕ್ಯಾಗಿಂದ ನೋಡೀನಿ,” ಅಂದಳು. “ಅಷ್ಟು ಒದ್ದಾಡಿ ಮುಚ್ಚಿದ್ದು ನೀವೇ ಬಿಚ್ಚಲತ್ತಿದ್ರಿ. ಅದು ನೋಡಿದ ಮ್ಯಾಲ ನಾ ಹ್ಯಾಂಗ ಕೂಡ್ಲಿ ಹೇಳ್ರಿ?”

ಮರುದಿನ ಆಚೆ ದಂಡೆಗೆ ಎಳೆದೆ.