ಹಳ್ಳದ ನಾತದ ಬೆನ್ನು ಹತ್ತಿದ ಸುಕನ್ಯಾ

ಜಾವಳಿ ಕಡೆಯ ಗುಡ್ಡಗಳ ಮೇಲೆ ಮಂಜು ಇನ್ನೂ ಕರಗಿಲ್ಲ. ಕಾಫಿ ಎಸ್ಟೇಟಿನ ಗೋಣಿಚೀಲದ ಶೆಡ್ಡಿನ ಬೀಗ ತೆಗೆದು ಸುಕನ್ಯಾ ಒಳಗೆ ಬರುತ್ತಾರೆ. ಹರಿದ ಚೀಲಗಳನ್ನು ಪಕ್ಕಕ್ಕಿಟ್ಟು, ಉಳಿದವನ್ನು ಕೊಡವಿ, ಹಣ್ಣು ಕುಯ್ಯಲು ಹೊರಟವರಿಗೆ ಒಂದೊಂದಾಗಿ ಕೊಡುತ್ತಾರೆ. ಕೆಲವರು ನಕ್ಕು ಈಸಿಕೊಳ್ಳುತ್ತಾರೆ. ಕೆಲವರು ಮುಖ ನೋಡುವುದಿಲ್ಲ.

ಮೊನ್ನೆ ಮೊನ್ನೆಯವರೆಗೂ ಅವರು ಇದೇ ಕಂಪನಿಯ ಆಫೀಸಿನಲ್ಲಿದ್ದವರು. ಟಪಾಲು ಕಳಿಸುವುದು, ಫೋನ್ ಎತ್ತುವುದು, ಬಂದವರಿಗೆ ಕಾಫಿ ಹೇಳುವುದು. ಗಂಡ ತೀರಿಕೊಂಡ ಮೇಲೆ ಸಿಕ್ಕಿದ ಕೆಲಸ. "ಅವ್ರು ಆಫೀಸಿಗೆ ಬಂದಿದಾರೋ ಇಲ್ವೋ ಅಂತ್ಲೇ ಗೊತ್ತಾಗ್ತಿರ್ಲಿಲ್ಲ ಮಾರಾಯ್ರೆ" ಎನ್ನುತ್ತಾರೆ ತೋಟದ ಲೆಕ್ಕ ಬರೆಯುವ ಹಳೆಯ ರೈಟರ್ ಲಕ್ಕಯ್ಯ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಶುರುವಾಯಿತೆಂದರೆ ಹಣ್ಣು ತೊಳೆದ ಹುಳಿನೀರು ಹೊಳೆಯಂತೆ ಹೊರಬೀಳುತ್ತದೆ. ಅದನ್ನು ತೊಟ್ಟಿಗಳಲ್ಲಿ ಶುದ್ಧ ಮಾಡಿಯೇ ಬಿಡುತ್ತಿದ್ದೇವೆಂದು ಕಂಪನಿ ವರ್ಷವರ್ಷವೂ ಸರ್ಟಿಫಿಕೇಟ್ ತರುತ್ತಿತ್ತು. ಒಂದು ದಿನ, ತೊಟ್ಟಿಯ ನೀರು ತುಂಬಿಸಿ ಪರೀಕ್ಷೆಗೆ ಕಳಿಸಬೇಕಾದ ಬಾಟಲಿಯನ್ನು ಕಂಪನಿಯ ಡ್ರೈವರ್, ಮ್ಯಾನೇಜರ್ ಬಂಗಲೆಯ ನಲ್ಲಿಯಲ್ಲಿ ತುಂಬಿಸುವುದನ್ನು ಸುಕನ್ಯಾ ಕಿಟಕಿಯಿಂದ ಕಂಡರು. ಅದೇ ವಾರ, ಕೆಳಗೆ ಕೂಲಿಯವರ ಲೈನ್ ಮನೆಯಲ್ಲಿರುವ ಮುತ್ತಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ರಜೆ ಕೇಳಲು ಬಂದರು. ಹಳ್ಳದಲ್ಲಿ ಆಡಿದ ಮಗುವಿನ ಕಾಲಿನ ತುಂಬ ಹುಣ್ಣು.

"ಹಳ್ಳ ನಾತ ಹೊಡೀತದೆ ಅಮ್ಮ ಅಂದ್ರು ಮುತ್ತಮ್ಮ. ಅವತ್ತು ನಂಗೆ ಊಟ ಸೇರ್ಲಿಲ್ಲ" ಎನ್ನುತ್ತಾರೆ ಸುಕನ್ಯಾ.

ಮರುದಿನದಿಂದ ಆಫೀಸಿಗೆ ಮುಂಚೆ, ಸೊಪ್ಪು ಕೊಯ್ಯುವ ನೆಪದಲ್ಲಿ ಹಳ್ಳದ ದಂಡೆ ಹಿಡಿದು ನಡೆದರು. ನಾತದ ಜಾಡು ಹಿಡಿದು ಹೋದರೆ, ಪಲ್ಪರ್ ಮನೆಯ ಕೆಳಗೆ ಲಂಟಾನದ ಪೊದೆಯೊಳಗಿಂದ ಒಂದು ಪೈಪು ಹಳ್ಳಕ್ಕೆ ಬಾಯಿ ಬಿಟ್ಟಿತ್ತು. ಮೊಬೈಲಿನಲ್ಲಿ ಹಿಡಿದು, ಮಾಲಿನ್ಯ ತಡೆಯುವ ಇಲಾಖೆಗೆ ಹೆಸರು ಹಾಕದೆ ದೂರು ಕಳಿಸಿದರು.

ತಪಾಸಣೆಗೆ ಅಧಿಕಾರಿಯೇನೋ ಬಂದರು. ಆದರೆ ಹಿಂದಿನ ದಿನವೇ ಯಾರೋ ಸುದ್ದಿ ಮುಟ್ಟಿಸಿದ್ದರು. ಪೈಪಿನ ಬಾಯಿಗೆ ಮಣ್ಣು ಬಿದ್ದಿತ್ತು, ತೊಟ್ಟಿಗಳಲ್ಲಿ ತಿಳಿನೀರು ತುಳುಕುತ್ತಿತ್ತು. ಅಧಿಕಾರಿ ಹೋದ ಮೇಲೆ ಮ್ಯಾನೇಜರ್ ವಿಶ್ವನಾಥ್ ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದರು. ಸುಕನ್ಯಾ ಸರದಿ ಬಂದಾಗ ಮ್ಯಾನೇಜರ್ ನಕ್ಕುಬಿಟ್ಟರು. "ನಿಮ್ಮನ್ನ ಏನ್ ಕೇಳೋದು, ಹೋಗಿ, ಕಾಫಿ ಕಳ್ಸಿ."

"ಬಚಾವಾದೆ ಅನ್ಸ್ತು. ಆಮೇಲೆ ಯಾಕೋ ಅಳು ಬಂತು" ಎಂದು ಸುಕನ್ಯಾ ನೆನೆಯುತ್ತಾರೆ.

ಎರಡನೇ ಸಲ ಅವರು ದೂರು ಕಳಿಸಲಿಲ್ಲ. ರಜೆ ಹಾಕಿ ಚಿಕ್ಕಮಗಳೂರಿನ ಬಸ್ಸು ಹತ್ತಿ, ಅದೇ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರ ಮುಂದೆ ಕೂತರು. ಮೊಬೈಲ್ ತೋರಿಸಿ ಒಂದೇ ಮಾತು ಕೇಳಿಕೊಂಡರು: "ಯಾರಿಗೂ ಹೇಳ್ದೆ ಬನ್ನಿ ಸರ್. ಬೆಳಕು ಹರಿಯೋ ಹೊತ್ತಿಗೆ ಬನ್ನಿ."

ಅಧಿಕಾರಿ ಹಾಗೆಯೇ ಬಂದರು. ಪೊದೆ ಸವರಿಸಿದಾಗ ಪೈಪಿನಿಂದ ಕಂದು ನೀರು ಭೋರೆಂದು ಬೀಳುತ್ತಿತ್ತು. ಸುದ್ದಿ ತಿಳಿದು ಓಡಿಬಂದ ವಿಶ್ವನಾಥ್, ಈ ಜಾಗ ತೋರಿಸಿದವರು ಯಾರೆಂದು ಕೂಗಾಡಿದರು. ಕೂಲಿಯವರೆಲ್ಲ ತಲೆ ತಗ್ಗಿಸಿದರು. ಬೇರೆ ಯಾರ ಮೇಲಾದರೂ ಅನುಮಾನ ಬಿದ್ದೀತೆಂದು ಸುಕನ್ಯಾ ಮುಂದೆ ಬಂದರು. "ನಾನೇ ಸರ್."

ಪಲ್ಪರ್ ಮನೆಗೆ ಬೀಗ ಬಿತ್ತು. ವಿಶ್ವನಾಥ್ ಕೆಲಸ ಬಿಡಬೇಕಾಯಿತು. ಹೊಸ ತೊಟ್ಟಿ ಕಟ್ಟಿದ ಮೇಲೆಯೇ ಬೀಗ ತೆರೆದದ್ದು. ಸುಕನ್ಯಾ ಅವರನ್ನು ತೆಗೆದುಹಾಕುವ ಧೈರ್ಯ ಕಂಪನಿಗೆ ಬರಲಿಲ್ಲ, ಶೆಡ್ಡಿಗೆ ಹಾಕಿತು.

ಆದರೆ ಬೀಗ ಬಿದ್ದಷ್ಟು ದಿನ ಪಲ್ಪರ್ ಮನೆಯ, ಕಾಫಿ ಒಣಗಿಸುವ ಕಣದ ಕೆಲಸದವರು ಕೂಲಿಯಿಲ್ಲದೆ ಕೂತರು. ಮುತ್ತಮ್ಮನೂ ಅವರಲ್ಲೊಬ್ಬರು. "ಮಗೀನ ಕಾಲು ವಾಸಿಯಾತು, ಸುಳ್ಳು ಹೇಳಲ್ಲ. ಅವ್ರು ಮಾಡಿದ್ದು ತಪ್ಪೂ ಅಲ್ಲ" ಎನ್ನುತ್ತಾರೆ ಮುತ್ತಮ್ಮ. "ಆದ್ರೆ ಆಗ ನಮ್ಮನೆ ಒಲೆ ಉರೀಲಿಲ್ವಲ್ಲ. ಒಂದ್ ಮಾತು ನಮ್ಗೂ ಹೇಳ್ಬೋದಿತ್ತು." ಅಂದಿನಿಂದ ಅವರು ಸುಕನ್ಯಾ ಜೊತೆ ಮಾತಾಡಿಲ್ಲ. ಚೀಲ ಈಸಿಕೊಳ್ಳಲೂ ಮಗಳನ್ನೇ ಕಳಿಸುತ್ತಾರೆ.

ಸನ್ಮಾನ ಮಾಡುತ್ತೇವೆಂದು ಮೂಡಿಗೆರೆಯ ಸಂಘವೊಂದು ಕರೆದಿತ್ತು. ಸುಕನ್ಯಾ ಹೋಗಲಿಲ್ಲ. ಇನ್ನೇನಾದರೂ ಆಸೆ ಇದೆಯೇ ಎಂದರೆ, ಕೈಯಲ್ಲಿದ್ದ ಚೀಲವನ್ನು ನಿಧಾನಕ್ಕೆ ಮಡಚುತ್ತಾರೆ.

"ಮುತ್ತಮ್ಮ ಹೇಳಿದ್ದು ಸರಿ. ನಾನು ಹೇಳ್ಬೇಕಿತ್ತು, ಹೆದರ್ಕೊಂಡೆ. ಅವ್ರು ಒಂದ್ಸಲ ನಮ್ಮನೆಗೆ ಬರ್ಬೇಕು. ಬೈಯೋಕಾದ್ರೂ ಬರ್ಲಿ."